ಯಾರ ಕೈಕೆಳಗೆ ಪಿಎಚ್.ಡಿ.?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಬಂದು ಎಂ.ಎ. ಮುಗಿಸಿದವರು ಪಿಎಚ್.ಡಿ. ಮಾತೆತ್ತಿದರೆ ಮೊದಲು ಕೇಳಿಬರುವುದು 'ಗೈಡ್ ಸಿಕ್ಕಿದ್ರಾ?' ಎಂಬ ಪ್ರಶ್ನೆ. ಸೀಟು ಖಾಲಿ ಇರುವವರೇ ಗೈಡ್, ಅವರು ಸೂಚಿಸಿದ್ದೇ ವಿಷಯ ಎಂದಾಗಿಬಿಡುತ್ತದೆ. ಈ ದಾರಿ ತಪ್ಪೆಂದೇ ನಾನು ನಂಬಿದ್ದೇನೆ. ನಾಗರಹೊಳೆ ಕಾಡಿನಿಂದ ಹುಣಸೂರಿನ ನಾಗಾಪುರಕ್ಕೆ ಬಂದ ಜೇನುಕುರುಬ ಕುಟುಂಬಗಳನ್ನು ಒಬ್ಬ ಗೈಡ್ 2006ರ ಅರಣ್ಯ ಹಕ್ಕು ಕಾಯ್ದೆಯ ಕಡೆಯಿಂದ ನೋಡಿಸುತ್ತಾರೆ, ಇನ್ನೊಬ್ಬರು ಹಾಡು-ಕತೆಗಳ ಕಡೆಯಿಂದ, ಮತ್ತೊಬ್ಬರು ಮಕ್ಕಳ ಊಟದ ಕಡೆಯಿಂದ. ಹಾಡಿ ಅದೇ, ಮಹಾಪ್ರಬಂಧ ಬೇರೆಬೇರೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಉದಾಹರಣೆ ಇದಕ್ಕೆ ಬಲವಾದ ಸಾಕ್ಷಿ. ಪಿರಿಯಾಪಟ್ಟಣದ ಪಕ್ಕದ ಕೊಡಗಿನ ಕೊಡವರ ಬಗ್ಗೆ ಅವರು ಬೊಂಬಾಯಿಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಪಿಎಚ್.ಡಿ. ಮಾಡಿದ್ದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದ ಮೇಲೆ ಅಲ್ಲಿನ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಅದೇ ಸಾಮಗ್ರಿಯನ್ನು ಹೊಸ ಪ್ರಶ್ನೆಯೊಂದಿಗೆ ಮತ್ತೆ ಓದಲು ಹೇಳಿದರು: ಈ ಆಚರಣೆಗಳು ಸಮಾಜದ ಕಟ್ಟನ್ನು ಹೇಗೆ ಹಿಡಿದು ನಿಲ್ಲಿಸಿವೆ? ಕೊಡವರ ಬಗ್ಗೆ 1952ರಲ್ಲಿ ಬಂದ ಶ್ರೀನಿವಾಸರ ಹೆಸರಾಂತ ಪುಸ್ತಕ ಆ ಪ್ರಶ್ನೆಯಿಂದ ಹುಟ್ಟಿದ್ದು. ಹಳೆಯ ಟಿಪ್ಪಣಿಗಳಿಗೆ ಹೊಸ ಅರ್ಥ ಬಂದದ್ದು ಗುರು ಬದಲಾದಾಗ.

ಆರಿಸಿಕೊಳ್ಳಲು ವಿದ್ಯಾರ್ಥಿಗೆ ಎಲ್ಲಿ ಅವಕಾಶವಿದೆ, ಗೈಡನ್ನು ಕೊಡುವುದು ವಿಭಾಗವಲ್ಲವೇ ಎಂದು ಕೇಳಬಹುದು. ಮಾತು ನಿಜ. 2022ರ ಯುಜಿಸಿ ನಿಯಮದಂತೆ ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದರೂ ಸಂದರ್ಶನದಲ್ಲಿ ಅಭ್ಯರ್ಥಿ ತನ್ನ ಸಂಶೋಧನಾಸಕ್ತಿಯನ್ನು ವಿವರಿಸಬೇಕಲ್ಲ? ಅಲ್ಲಿ ಸ್ಪಷ್ಟ ಪ್ರಶ್ನೆಯಿಟ್ಟುಕೊಂಡು ಕೂತವರನ್ನು ಯಾರಿಗೋ ಒಪ್ಪಿಸಿ ಕಳಿಸುವುದು ಸುಲಭವಲ್ಲ. ಅದಕ್ಕೆ ತಯಾರಿಯನ್ನು ಊರಿನಲ್ಲಿ ಕೂತೇ ಮಾಡಬಹುದು. ಶೋಧಗಂಗಾ ಜಾಲತಾಣದಲ್ಲಿ ಮಹಾಪ್ರಬಂಧಗಳು ಕಾಸಿಲ್ಲದೆ ಓದಲು ಸಿಗುತ್ತವೆ, ಗೈಡುಗಳ ಹೆಸರಿನ ಸಮೇತ. ಒಬ್ಬರ ಕೈಕೆಳಗೆ ಬಂದ ನಾಲ್ಕೈದನ್ನು ತೆರೆದು ನೋಡಿ. ಅಧ್ಯಾಯಗಳ ವಿಂಗಡಣೆ ಒಂದೇ ಆಗಿದ್ದು ತಾಲ್ಲೂಕಿನ ಹೆಸರು ಮಾತ್ರ ಬದಲಾಗಿದ್ದರೆ ನಿಮ್ಮದೂ ಹಾಗೇ ಆಗುತ್ತದೆ. ಒಂದೊಂದೂ ಒಂದೊಂದು ದಾರಿ ಹಿಡಿದಿದ್ದರೆ ಆ ಗೈಡ್ ಶಿಷ್ಯರಿಗೆ ಯೋಚಿಸಲು ಬಿಟ್ಟಿದ್ದಾರೆ. ಈಗ ಅವರ ಬಳಿ ಇರುವವರನ್ನೂ ಕಂಡು, ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ತಿದ್ದಿ ವಾಪಸ್ಸು ಬರುತ್ತದೆಂದು ಕೇಳಬೇಕು.

ಹೊಗೆಸೊಪ್ಪಿನ ಸಾಲ ತೀರಿಸುತ್ತಿರುವ ಮನೆಯ ಮಗಳಿಗೆ ಇಷ್ಟೆಲ್ಲ ಹುಡುಕುತ್ತ ಕೂರಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ ಅಥವಾ ಕೆ-ಸೆಟ್ ಸಾಕು. ಒಂದು ವರ್ಷ ತಡೆದರೆ ಕೆಲಸದ ಬಾಗಿಲು ಮುಚ್ಚಿಹೋಗದು. ಹೊಂದದ ಗೈಡಿನ ಬಳಿ ಸೇರಿ ಐದಾರು ವರ್ಷ ಸವೆಸುವ ನಷ್ಟವೇ ಅಂಥ ಮನೆಗೆ ಹೆಚ್ಚು ಭಾರ. ವಿಷಯ ಬಲ್ಲವರು ವಿಭಾಗದಲ್ಲಿ ಇಲ್ಲದಿದ್ದರೆ, ಅನುಮತಿ ಪಡೆದು ಬೇರೆ ವಿಭಾಗದಿಂದಲೋ ಸಂಸ್ಥೆಯಿಂದಲೋ ಸಹ ಮಾರ್ಗದರ್ಶಕರನ್ನು ಇಟ್ಟುಕೊಳ್ಳಲು ನಿಯಮದಲ್ಲೇ ಜಾಗವಿದೆ. ಜೇನುಕುರುಬರ ನುಡಿಯನ್ನು ಅಭ್ಯಾಸ ಮಾಡುವವರಿಗೆ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನವೂ ಹೊಗೆಸೊಪ್ಪಿನ ಬೇಸಾಯ ಓದುವವರಿಗೆ ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರವೂ ಹತ್ತಿರದಲ್ಲೇ ಇವೆ. ಸಹ ಮಾರ್ಗದರ್ಶಕರ ಮಾತನ್ನು ಸಾರಲೇಖ ಒಪ್ಪಿಸುವ ಮೊದಲೇ ವಿಭಾಗದ ಮುಖ್ಯಸ್ಥರ ಮುಂದಿಡಬೇಕು.