ಟೋಪಿಯ ಬೇಸಾಯ

ಒಂದು ಟೋಪಿಗಾಗಿ ಒಬ್ಬನೇ ರಾಕ್ಷಸನನ್ನು ನಾವು ಈವರೆಗೆ 411 ಸಲ ಕೊಂದಿರುವೆವೆಂದರೆ ವಾಚಕರು ನಕ್ಕಾರು. ನಗಲಿ, ಲೆಕ್ಕ ಬರೆದಿಟ್ಟ ಪುಸ್ತಕ ನಮ್ಮ ಮೇಜಿನ ಮೇಲೆಯೇ ಇದೆ.

ಇದು ಕಂಪ್ಯೂಟರಿನಲ್ಲಿ ಆಡುವ ‘ಡಯಾಬ್ಲೊ 2’ ಎಂಬ ಆಟದ ಮಾತು. ಅಮೆರಿಕದ ಬ್ಲಿಜ಼ಾರ್ಡ್ ಸಂಸ್ಥೆಯವರು ಇದನ್ನು 2000ದಲ್ಲಿ ಹೊರತಂದರು. 2021ರಲ್ಲಿ ಚಿತ್ರಗಳನ್ನೆಲ್ಲ ಹೊಸದು ಮಾಡಿ ಮತ್ತೊಮ್ಮೆ ಹೊರಡಿಸಿದರು. ಆಟದ ಮೂರನೆಯ ಅಂಕದ ಕೊನೆಗೆ, ನೆಲದಡಿಯ ಸೆರೆಮನೆಯೊಂದರಲ್ಲಿ, ದ್ವೇಷದ ಅಧಿಪತಿಯಾದ ಮೆಫಿಸ್ಟೊ ಕಾದಿರುತ್ತಾನೆ. ಇಂಥ ಮುಖ್ಯ ರಾಕ್ಷಸನನ್ನು ಆಟಗಾರರು ‘ಬಾಸ್’ ಎನ್ನುವರು. ಅವನು ಸತ್ತೊಡನೆ ಆಯುಧ, ಉಂಗುರ, ಕವಚಗಳು ನೆಲಕ್ಕೆ ಉದುರುತ್ತವೆ. ಏನು ಉದುರಬೇಕೆಂಬುದನ್ನು ಯಂತ್ರವು ಆ ಕ್ಷಣದಲ್ಲಿ ಚೀಟಿ ಎತ್ತಿದಂತೆ ನಿಶ್ಚಯಿಸುತ್ತದೆ.

ಕಥೆಗೆ ಅವನು ಒಮ್ಮೆ ಸತ್ತರೆ ಸಾಕು. ಆದರೆ ಆಟದಿಂದ ಹೊರಬಂದು ಪುನಃ ಒಳಹೊಕ್ಕರೆ ಅವನು ಮೊದಲಿನಂತೆಯೇ ಜೀವಂತನಾಗಿರುತ್ತಾನೆ. ರಕ್ತಬೀಜಾಸುರನು ತನ್ನ ರಕ್ತದ ಹನಿಯಿಂದ ಎದ್ದನು. ಇವನು ನಮ್ಮ ಆಸೆಯಿಂದ ಏಳುತ್ತಾನೆ. ನಮ್ಮ ಮಾಂತ್ರಿಕಳು ಮಂತ್ರಬಲದಿಂದ ನೆಗೆನೆಗೆದು ಕೆಳಗಿಳಿದು, ರಕ್ತದ ಕಂದಕದ ಆಚೆ ನಿಂತು ಅವನನ್ನು ಹೊಡೆಯುವಳು. ಒಂದು ಸಲಕ್ಕೆ ನಾಲ್ಕು ನಿಮಿಷ. ಎಂದರೆ ಈವರೆಗೆ 27 ಗಂಟೆಗೂ ಮಿಕ್ಕಿತು.

ನಾವು ಬಯಸಿದ ಟೋಪಿಯ ಹೆಸರು ‘ಹಾರ್ಲೆಕ್ವಿನ್ ಕ್ರೆಸ್ಟ್’, ಅಂದರೆ ವಿದೂಷಕನ ಕಿರೀಟ. ಮೆಫಿಸ್ಟೊ ಅದನ್ನು ಕೊಡುವುದಾದರೆ ‘ನರಕ’ವೆಂಬ ಅತಿ ಕಠಿಣವಾದ ಮಟ್ಟದಲ್ಲಿ ಮಾತ್ರ. ಅದನ್ನು ಧರಿಸಿದರೆ ವಿದ್ಯೆಗಳೆಲ್ಲ ಎರಡೆರಡು ಮೆಟ್ಟಿಲು ಏರುವುವು. ಅಪರೂಪದ ವಸ್ತುಗಳು ದೊರೆಯುವ ಸಂಭವವೂ ಹೆಚ್ಚುವುದು. ಆ ಸಂಭವವನ್ನು ಹೆಚ್ಚಿಸಿಕೊಂಡು ಮಾಡುವುದೇನು? ಮತ್ತಷ್ಟು ಅಪರೂಪದ ವಸ್ತುಗಳಿಗಾಗಿ ಮತ್ತೆ ಮೆಫಿಸ್ಟೊವನ್ನು ಕೊಲ್ಲುವುದು!

ಈ ಕೆಲಸಕ್ಕೆ ಆಟಗಾರರು ‘ಫಾರ್ಮಿಂಗ್’ ಎಂದು ಹೆಸರಿಟ್ಟಿದ್ದಾರೆ, ಬೇಸಾಯ. ನಮ್ಮ ತಂದೆಯವರು ರಾಗಿಯ ಹೊಲ ಮಾಡಿದವರು. ಹಾಕಿದ ಗೊಬ್ಬರವನ್ನು ನೆಲ ಮರೆಯುವುದಿಲ್ಲವೆಂದು ಅವರು ಹೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷವೂ ಗೊಬ್ಬರದ ಸಾರ ಅಷ್ಟಿಷ್ಟು ಮಣ್ಣಿನಲ್ಲಿ ಉಳಿಯುವುದು. ಮೆಫಿಸ್ಟೊವಿನ ಹೊಲಕ್ಕೆ ಆ ನೆನಪೇ ಇಲ್ಲ. ಲೆಕ್ಕದ ಅನುಕೂಲಕ್ಕಾಗಿ ಟೋಪಿ ಸಿಕ್ಕುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ನಿಜವಾದ ಸಂಭವ ಅದಕ್ಕಿಂತಲೂ ಕಡಿಮೆ. ನೂರು ಸಲ ಕೊಂದವನಿಗೆ ಟೋಪಿ ನಿಶ್ಚಯವೆಂದು ಬುದ್ಧಿ ಹೇಳುತ್ತದೆ. ಗಣಿತ ಹಾಗೆನ್ನುವುದಿಲ್ಲ. ಅಂಥ ನೂರು ಮಂದಿಯಲ್ಲಿ ಸುಮಾರು 63 ಮಂದಿಗೆ ಸಿಕ್ಕೀತು. ಉಳಿದ 37 ಮಂದಿ ಬರಿಗೈಯವರು. ಆ ಬರಿಗೈಯವನ 101ನೆಯ ಪ್ರಯತ್ನಕ್ಕೂ ನೂರಕ್ಕೆ ಒಂದೇ ಸಂಭವ. ಹಿಂದಿನ ನೂರು ಸಲದ ದುಡಿಮೆ ಎಲ್ಲಿಯೂ ಜಮೆಯಾಗಿರುವುದಿಲ್ಲ.

ಇದನ್ನು ಬಲ್ಲವರಾಗಿಯೂ ನಾವು ಕೆಲವು ಆಚಾರಗಳನ್ನು ಕಲ್ಪಿಸಿಕೊಂಡೆವು. ಒಮ್ಮೆ ಒಳ್ಳೆಯ ಉಂಗುರ ಸಿಕ್ಕಿತೆಂದು ಅಂದು ನಿಂತ ಮೂಲೆಯಲ್ಲಿಯೇ ಪ್ರತಿ ಸಲವೂ ನಿಂತೆವು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರು 1948ರಲ್ಲಿ ಪಾರಿವಾಳಗಳ ಮೇಲಿನ ತಮ್ಮದೊಂದು ಪ್ರಯೋಗವನ್ನು ಪ್ರಕಟಿಸಿದರು. ಹಸಿದ ಹಕ್ಕಿಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಹೊತ್ತಿಗೊಮ್ಮೆ ಆಹಾರ ಬರುತ್ತಿತ್ತು. ಅಷ್ಟಕ್ಕೇ ಒಂದು ಹಕ್ಕಿ ಗಿರಗಿರನೆ ಸುತ್ತುವುದನ್ನು ಕಲಿಯಿತು. ಇನ್ನೊಂದು ಗೂಡಿನ ಮೂಲೆಗೆ ತಲೆ ಚಾಚುವುದನ್ನು ಕಲಿಯಿತು. ಅದನ್ನೋದಿದಾಗ ನಮ್ಮ ಮೂಲೆ ನೆನಪಾಗಿ ನಾಚಿಕೆಯಾಯಿತು.

ಆದರೆ ನಿಜವಾದ ನಾಚಿಕೆ ಬೇರೆಯದು. ಒಂದು ರಾತ್ರಿ ಅಮ್ಮನಿಗೆ ಜ್ವರ. ಒಳಗಿನಿಂದ, “ಮಗೂ, ಒಂದು ಲೋಟ ಬಿಸಿನೀರು ಕೊಡುತ್ತೀಯಾ?” ಎಂದರು. “ಬಂದೆ ಅಮ್ಮ, ಇದೊಂದು ಸಲ,” ಎಂದೆವು. ಮೆಫಿಸ್ಟೊ ಅರೆಜೀವವಾಗಿದ್ದನು. ಅವನು ಸತ್ತನು, ಟೋಪಿ ಬರಲಿಲ್ಲ, ಕೈ ತಾನಾಗಿಯೇ ಮತ್ತೊಂದು ಆಟಕ್ಕೆ ಹೋಯಿತು. ಒಳಗೆ ಹೋಗಿ ನೋಡಿದಾಗ ಅಮ್ಮ ತಾವೇ ಎದ್ದು, ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ, ಕೊಡದ ತಣ್ಣೀರನ್ನೇ ಕುಡಿದು ಬಂದು ಮಲಗಿದ್ದರು. “ನಿನ್ನ ಕೆಲಸ ಮುಗಿಯಿತೇನಪ್ಪಾ?” ಎಂದು ಕೇಳಿದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಲೆಕ್ಕದ ಪುಸ್ತಕದಲ್ಲಿ ಅದು 371ನೆಯ ಸಾಲು: ‘ಹಳದಿ ಉಂಗುರ ಒಂದು, ನೀಲಿ ಕೈಗವಸು ಎರಡು.’ ಅಮ್ಮ ಕರೆದ ಸಂಗತಿ ಅದರಲ್ಲಿಲ್ಲ.

ಆಟವನ್ನು ನಾವು ಬಿಟ್ಟಿಲ್ಲ. ಬಿಟ್ಟೆವೆಂದು ಬರೆದರೆ ಸುಳ್ಳಾದೀತು. ದುಡಿದು ಬಂದ ಮನಸ್ಸಿಗೆ ಆಟವೂ ಬೇಕು. ಈಗ ವಾರಕ್ಕೆ ಎರಡು ಸಂಜೆ, ಸಂಜೆಗೆ ಐದು ಸಲ, ಆರನೆಯದಿಲ್ಲ. ಯಾರಾದರೂ ಕರೆದರೆ ಮೆಫಿಸ್ಟೊ ಅರೆಜೀವವಾಗಿದ್ದರೂ ಏಳುವುದು. ಅವನೇನೂ ಓಡಿಹೋಗುವುದಿಲ್ಲ, ಮರುದಿನವೂ ಅಲ್ಲಿಯೇ ಇರುತ್ತಾನೆ. ಕರೆಯುವ ದನಿ ಹಾಗಲ್ಲ.

ಹೀಗೆ ಒಂದು ತಿಂಗಳು ಕಳೆಯಿತು. ಮೆಫಿಸ್ಟೊ ನಮಗೆ ಟೋಪಿ ಹಾಕಿದನೇ ಹೊರತು ಟೋಪಿ ಕೊಟ್ಟಿಲ್ಲ. ಅಮ್ಮನ ಬಿಸಿನೀರು ಮಾತ್ರ ಹೊತ್ತಿಗೆ ಸರಿಯಾಗಿ ಹೋಗುತ್ತಿದೆ.