ಖಾನಾವಳಿಯ ಬಾಕಿ

ಮಕ್ಕಳನ್ನು ಕಾಲೇಜಿಗೆ ಹಚ್ಚಲು ಧಾರವಾಡಕ್ಕೆ ಬರುವ ತಂದೆ-ತಾಯಿಗಳನ್ನು ಗುರುತಿಸುವುದು ಕಷ್ಟವೇನಲ್ಲ. ಒಂದು ಕೈಯಲ್ಲಿ ಅಂಕಪಟ್ಟಿಗಳ ಪ್ಲಾಸ್ಟಿಕ್ ಫೈಲು, ಇನ್ನೊಂದರಲ್ಲಿ ಬಕೆಟ್ಟು, ಬಕೆಟ್ಟಿನೊಳಗೆ ತಾಟು, ಲೋಟ, ಬಟ್ಟೆ ಒಣಹಾಕುವ ಹಗ್ಗ. ಶುಲ್ಕ ಕಟ್ಟಿ, ಕೋಣೆಗೆ ಮುಂಗಡ ಕೊಟ್ಟು, ಇನ್ನೇನು ಕೆಲಸ ಮುಗಿಯಿತು ಎಂದು ಕುಳಿತಾಗ, ಸಂಜೆ ಐದರ ಸುಮಾರಿಗೆ ಒಂದು ಪ್ರಶ್ನೆ ಏಳುತ್ತದೆ. ನಾಳೆಯಿಂದ ಈ ಹುಡುಗಿ ಎಲ್ಲಿ ಉಣ್ಣುತ್ತಾಳೆ?

2024ರ ಮಳೆಗಾಲದಲ್ಲಿ ದಾವಣಗೆರೆಯಿಂದ ಮಗಳನ್ನು ಕರೆದುಕೊಂಡು ಬಂದ ಗಣಿತದ ಮಾಸ್ತರರಿಗೂ ಇದೇ ಪ್ರಶ್ನೆ ಎದ್ದಿತು. ಆದರೆ ಅವರಿಗೆ ಇತರ ಪಾಲಕರಿಗಿಲ್ಲದ ಒಂದು ಹೆಚ್ಚುಗಾರಿಕೆ ಇತ್ತು. ಅವರು ಇದೇ ಊರಿನಲ್ಲಿ 1993ರಿಂದ 1996ರವರೆಗೆ ಓದಿದವರು. ಆಗ ಅವರ ಹಾವೇರಿ ತಾಲ್ಲೂಕಿನ ಹಳ್ಳಿಯೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಅವರು ಮನೆಯಲ್ಲಿ ತಿಂಗಳುಗಟ್ಟಲೆ ಮೊದಲೇ ಹೇಳಿಟ್ಟಿದ್ದರು: “ಊಟದ ಚಿಂತಿ ನನಗ ಬಿಡ್ರಿ. ಧಾರವಾಡದ ಓಣಿ ಓಣಿ ನನಗ ಗೊತ್ತು.”

ಮಗಳ ಮೊಬೈಲಿಗೂ ಗೊತ್ತಿತ್ತು. ಸಪ್ತಾಪುರದ ಕೋಣೆಯ ಮಂಚದ ಮೇಲೆ ಕುಳಿತೇ ಅವಳು ಊರಿನ ಹೋಟೆಲುಗಳನ್ನೆಲ್ಲ ನಕ್ಷತ್ರಗಳ ಸಮೇತ ಓದಿ ಹೇಳಿದಳು. ಇದಕ್ಕೆ ನಾಲ್ಕು ನಕ್ಷತ್ರ, ಅದಕ್ಕೆ ನಾಲ್ಕೂವರೆ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು, “ನಕ್ಷತ್ರ ನೋಡಿ ಲಗ್ನ ಮಾಡತಾರ, ಊಟಾ ಮಾಡೂದಿಲ್ಲ. ಏಳು, ತಿರುಗ್ಯಾಡಿ ಬರೂಣು” ಎಂದರು.

ಮಳೆ ಬಂದು ನಿಂತಿತ್ತು. ಹುಬ್ಬಳ್ಳಿ ರಸ್ತೆಯಲ್ಲಿ ‘ಚಿಗರಿ’ ಬಸ್ಸುಗಳು ತಮ್ಮದೇ ಹಾದಿಯಲ್ಲಿ ಹಾಯುತ್ತಿದ್ದವು. ಮೊದಲ ನಿಲುಗಡೆ ಗಿರ್ಮಿಟ್ಟಿನ ಗಾಡಿ. ಚುರಮರಿಗೆ ಉಳ್ಳಾಗಡ್ಡಿ, ಹುಣಸೆಹುಳಿ, ಬೆಲ್ಲದ ಒಗ್ಗರಣೆ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಬದಿಗೆ ಒಂದು ಬಿಸಿ ಮಿರ್ಚಿ ಇಟ್ಟು ಕೊಡುವ ಈ ಪದಾರ್ಥ ದಾವಣಗೆರೆಯ ಮಂಡಕ್ಕಿಗೆ ಸಮವೇ ಎಂಬುದರ ಬಗ್ಗೆ ತಂದೆ-ಮಗಳಿಗೆ ಅಲ್ಲಿಯೇ ವಾದವಾಯಿತು. ದಾವಣಗೆರೆಯಲ್ಲಿ ಹುಟ್ಟಿದವಳು ಮಂಡಕ್ಕಿಯನ್ನು ಬಿಟ್ಟುಕೊಡುವಳೆ? ವಾದ ತೀರ್ಮಾನವಾಗಲಿಲ್ಲ. ಗಾಡಿಯವನು ನಡುವೆ ಬಾಯಿ ಹಾಕಲಿಲ್ಲ, ಇನ್ನೆರಡು ಮಿರ್ಚಿ ಹಾಕಿದ.

ಸುಭಾಸ ರಸ್ತೆಗೆ ಬಂದಾಗ ಮಾಸ್ತರರ ನಡಿಗೆ ನಿಧಾನವಾಯಿತು. ತಾಸಿಗೆ ಬಾಡಿಗೆ ಸೈಕಲ್ಲು ಕೊಡುವ ಅಂಗಡಿ ಇಲ್ಲ. ಟೈಪಿಂಗ್ ಕಲಿಸುವ ಮಾಳಿಗೆ ಇಲ್ಲ. ಊರಿಗೆ ಫೋನು ಮಾಡಲು ರಾತ್ರಿ ಹತ್ತರ ನಂತರ ಸಾಲು ನಿಲ್ಲುತ್ತಿದ್ದ ಎಸ್ಟಿಡಿ ಬೂತು ಇಲ್ಲ. “ಇಲ್ಲೊಂದು ಇತ್ತು, ಅಲ್ಲೊಂದು ಇತ್ತು” ಎನ್ನುತ್ತ ಹೋದ ಅವರ ವಿವರಣೆ ಕೇಳಿ ಮಗಳು, “ಅಪ್ಪಾ, ನೀವು ಇರೂದನ್ನ ತೋರಸ್ರಿ” ಎಂದಳು.

ಇರುವುದೂ ಇತ್ತು. ಲಕ್ಷ್ಮೀ ಭವನದ ಮೆಟ್ಟಿಲು ಹತ್ತಿದರೆ ಮನೋಹರ ಗ್ರಂಥಮಾಲೆಯ ‘ಅಟ್ಟ’. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಪ್ರಕಾಶನ. ಕೀರ್ತಿನಾಥ ಕುರ್ತಕೋಟಿಯವರು ಹಸ್ತಪ್ರತಿ ಓದಿ ಸಲಹೆ ಕೊಡುತ್ತಿದ್ದದ್ದು, ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಚ್ಚಾಗಿ ಹೊರಬಂದದ್ದು ಇದೇ ಸಂಸ್ಥೆಯಿಂದ. ಹೆಸರು ಕೇಳಿದವರು ದೊಡ್ಡ ಕಟ್ಟಡವನ್ನು ಹುಡುಕಿಕೊಂಡು ಬರುತ್ತಾರೆ. ಕಾಣುವುದು ಪುಸ್ತಕ ತುಂಬಿದ ಅಟ್ಟ. ಮನೆಯವರೇ ನಿಂತು ನಡೆಸಿದ ಒಂದು ವ್ಯಾಪಾರ ಊರಿಗೆ ಎಷ್ಟನ್ನು ಕೊಡಬಹುದು ಎಂಬುದನ್ನು ಗ್ರಂಥಾಲಯದಲ್ಲಿ ಕುಳಿತು ತಿಳಿಯುವುದಕ್ಕಿಂತ ಆ ಮೆಟ್ಟಿಲು ಹತ್ತಿ ತಿಳಿಯುವುದು ಲೇಸು. ಮಗಳು ಒಂದು ನಾಟಕದ ಪುಸ್ತಕ ಕೊಂಡಳು. ಮಾಸ್ತರರು ತಾವೇ ಓದುವವರಂತೆ ಅದನ್ನು ಕೈಯಲ್ಲಿ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಲೈನ್ ಬಜಾರ. ಧಾರವಾಡಕ್ಕೆ ಬಂದು ಪೇಡೆ ಒಯ್ಯದವರನ್ನು ಮನೆಯೊಳಗೆ ಸೇರಿಸುವುದಿಲ್ಲ ಎಂಬ ಮಾತಿದೆ, ಅದರಲ್ಲಿ ಅರ್ಧವಾದರೂ ನಿಜ. ಉತ್ತರ ಪ್ರದೇಶದ ಉನ್ನಾವದಿಂದ ಪ್ಲೇಗಿನ ಕಾಲದಲ್ಲಿ ಹೊರಟು ಬಂದ ಠಾಕೂರ ಮನೆತನದವರು ಇಲ್ಲಿ ಹೊಟ್ಟೆಪಾಡಿಗೆ ಹೂಡಿದ ಕಸುಬು ಇದು. ಸುತ್ತಲಿನ ಗೌಳಿಗರ ಎಮ್ಮೆಯ ಹಾಲು, ಸಕ್ಕರೆ, ಮತ್ತು ತಾಳ್ಮೆ, ಇದಿಷ್ಟೇ ಸಾಮಗ್ರಿ. ಹಾಲನ್ನು ಕಾಯಿಸಿ ಕಾಯಿಸಿ ಖೋವಾ ಮಾಡಿ, ಆ ಖೋವಾವನ್ನು ಸಕ್ಕರೆಯೊಂದಿಗೆ ಕಂದು ಬಣ್ಣ ತಿರುಗುವವರೆಗೆ ಕೈಬಿಡದೆ ಹುರಿಯಬೇಕು. ಉರಿ ಹೆಚ್ಚಾದರೆ ಸೀಯುತ್ತದೆ, ಕಡಿಮೆಯಾದರೆ ಮಥುರಾ ಪೇಡೆಯ ತಮ್ಮನಾಗುತ್ತದೆ. ಕಡೆಗೆ ಉಂಡೆ ಕಟ್ಟಿ ಪುಡಿಸಕ್ಕರೆಯಲ್ಲಿ ಹೊರಳಿಸಿದರೆ ಧಾರವಾಡ ಪೇಡೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಧಾರವಾಡಿ ಎಮ್ಮೆಗೂ 2021ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಸಿಕ್ಕಿತು. ಮಿಶ್ರಾ ಮನೆತನದವರು ಇದೇ ಪೇಡೆಯನ್ನು ಊರೂರಿನ ಮಳಿಗೆಗಳಿಗೆ ಒಯ್ದರು. ಬಾಬುಸಿಂಗ್ ಠಾಕೂರರ ಅಂಗಡಿಯ ಮುಂದೆ ಮಾತ್ರ ಜನ ಇಂದಿಗೂ ಸಾಲು ನಿಲ್ಲುತ್ತಾರೆ. ಎರಡೂ ವ್ಯಾಪಾರವೇ. ಯಾವುದು ಹೆಚ್ಚು ಎಂದು ಕೇಳಿದರೆ ಧಾರವಾಡದವರು ಅರ್ಧ ದಿನ ಮಾತಾಡುತ್ತಾರೆ, ಆದ್ದರಿಂದ ಕೇಳದಿರುವುದು ಒಳ್ಳೆಯದು.

ಸಾಲಿನಲ್ಲಿ ನಿಂತು ಮಾಸ್ತರರು ಇದನ್ನೆಲ್ಲ ವಿವರಿಸುತ್ತಿದ್ದಾಗ ಮಗಳು ಒಂದು ಪ್ರಶ್ನೆ ಎಸೆದಳು.

“ಅಪ್ಪಾ, ನಿಮಗ ತಿಂಗಳಿಗೆ ನಾಲ್ಕು ನೂರು ರೂಪಾಯಿ ಮನಿಆರ್ಡರ್ ಬರ್ತಿತ್ತು ಅಂತೀರಿ. ಖಾನಾವಳಿಗೆ ಮುನ್ನೂರು. ಮತ್ತ ಈ ಎಲ್ಲಾ ಯಾವಾಗ ತಿಂದ್ರಿ?”

ಗಣಿತದ ಮಾಸ್ತರರ ಮಗಳು. ಲೆಕ್ಕ ತಪ್ಪುವವಳಲ್ಲ. ಮೂರು ವರ್ಷದಲ್ಲಿ ಅವರು ಈ ಸಾಲಿನಲ್ಲಿ ನಿಂತದ್ದು ಎರಡೇ ಸಲ, ಎರಡೂ ಸಲ ಊರಿಗೆ ಒಯ್ಯಲು. ಅಟ್ಟದ ಮೆಟ್ಟಿಲು ಹತ್ತಿದ್ದು ನಿನ್ನೆಯೇ ಮೊದಲು. ಆಗ ಕೆಳಗಿನಿಂದ ಬೋರ್ಡು ಓದಿ ಮುಂದೆ ಹೋಗುತ್ತಿದ್ದರು. ಊರಿನ ಅಂಗಡಿಗಳೆಲ್ಲ ಅವರಿಗೆ ಹೊರಗಿನಿಂದಲೇ ಪರಿಚಯ. ಒಳಗಿನಿಂದ ಗೊತ್ತಿದ್ದದ್ದು ಒಂದೇ ಒಂದು ಖಾನಾವಳಿ. ಅದನ್ನು ಮಾತ್ರ ಅವರು ಈ ಎರಡು ದಿನದಲ್ಲಿ ತೋರಿಸಿರಲಿಲ್ಲ.

ಖಾನಾವಳಿ ಎಂದರೆ ಹೋಟೆಲಲ್ಲ ಎಂಬುದನ್ನು ದಕ್ಷಿಣದ ಕಡೆಯ ಪಾಲಕರಿಗೆ ಬಿಡಿಸಿ ಹೇಳಬೇಕು. ಅದು ಹೆಚ್ಚಾಗಿ ಯಾರದೋ ಮನೆಯ ಮುಂದಿನ ಪಡಸಾಲೆ. ನಾಲ್ಕು ಬೆಂಚು, ಒಂದು ಹರಿವಾಣ, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ತಿಂಗಳ ಲೆಕ್ಕದಲ್ಲಿ ಎರಡು ಹೊತ್ತಿನ ಊಟ. ಬಿಸಿ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು, ಕೊನೆಗೆ ಅನ್ನ-ಸಾರು. ಭಾನುವಾರ ರಾತ್ರಿ ರಜೆ. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದು ನಡೆಸುವವರ ತಲೆಯಲ್ಲಿಯೇ ಇರುತ್ತದೆ. ಎರಡು ದಿನ ಬಾರದಿದ್ದರೆ, “ಯಾಕ, ಮೈಯಾಗ ಆರಾಮಿಲ್ಲೇನು?” ಎಂದು ಗೆಳೆಯನ ಕೈಯಲ್ಲಿ ಹೇಳಿ ಕಳಿಸುತ್ತಾರೆ. ಮೊದಲ ಸಲ ಮನೆಬಿಟ್ಟ ಹುಡುಗರಿಗೆ ಆ ಒಂದು ಪ್ರಶ್ನೆಯ ಬೆಲೆ ಏನೆಂಬುದು ಈಗಿನ ಯಾವ ನಕ್ಷತ್ರದಲ್ಲಿಯೂ ಕಾಣುವುದಿಲ್ಲ.

ಮಾಸ್ತರರ ಖಾನಾವಳಿ ಕಾಲೇಜಿನ ಹತ್ತಿರದ ಒಂದು ಓಣಿಯಲ್ಲಿತ್ತು. ನಡೆಸುತ್ತಿದ್ದವರನ್ನು ಹುಡುಗರೆಲ್ಲ ಅಕ್ಕಾರು ಎನ್ನುತ್ತಿದ್ದರು. 1996ರ ಬೇಸಿಗೆಯಲ್ಲಿ ಊರಿನಿಂದ ಹಣ ಬರಲಿಲ್ಲ. ಮೂವತ್ತೆಂಟು ದಿನದ ಊಟ ಬಾಕಿಯಾಯಿತು. ಲೆಕ್ಕ 380 ರೂಪಾಯಿ. ಪರೀಕ್ಷೆ ಮುಗಿದ ದಿನ, “ಅಂಕಪಟ್ಟಿ ಒಯ್ಯಾಕ ಬರತೇನ್ರಿ, ಆವಾಗ ಕೊಡತೇನಿ” ಎಂದರು. ಅಕ್ಕಾರು ಹೂಂ ಎಂದು ದಾರಿಗೆ ನಾಲ್ಕು ರೊಟ್ಟಿ ಕಟ್ಟಿಕೊಟ್ಟರು. ಅಂಕಪಟ್ಟಿಗೆ ಬಂದ ದಿನ ಕಿಸೆಯಲ್ಲಿ ಇದ್ದದ್ದು ಬಸ್ ಚಾರ್ಜು ಮಾತ್ರ. ಹುಡುಗ ಆ ಓಣಿ ಬಿಟ್ಟು ಸುತ್ತು ಹಾಕಿ ಹೋದ.

ಅದಾದ ಮೇಲೆ ನೌಕರಿ ಸಿಕ್ಕಿತು, ಸಂಬಳ ಬಂತು. ಇಲಾಖೆಯ ಕೆಲಸಕ್ಕೆ ಧಾರವಾಡಕ್ಕೆ ಏಳೆಂಟು ಸಲವಾದರೂ ಬಂದಿದ್ದಾರೆ. ಪ್ರತಿ ಸಲವೂ ಹೋಗಬೇಕೆಂದುಕೊಂಡು, ಇಷ್ಟು ವರ್ಷದ ಮೇಲೆ ಯಾವ ಮುಖ ಹೊತ್ತು ಹೋಗುವುದೆಂದು ಹಿಂದಿರುಗಿದ್ದಾರೆ. ಬಾಕಿ ಹಳೆಯದಾದಷ್ಟೂ ಹಗುರವಾಗುತ್ತದೆ ಎಂದು ತಿಳಿದಿದ್ದರು. ಹಾಗಾಗಲಿಲ್ಲ. ತರಗತಿಯಲ್ಲಿ ಚಕ್ರಬಡ್ಡಿ ಕಲಿಸುವಾಗ ಕಪ್ಪು ಹಲಗೆಯ ಮೇಲೆ ಅಸಲು 380 ಎಂದೇ ಅವರ ಕೈ ಬರೆದುಬಿಡುತ್ತಿತ್ತು. ಶೇಕಡಾ 8ರಂತೆ 28 ವರ್ಷಕ್ಕೆ 3,278 ರೂಪಾಯಿ ಆಗುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಆ ಮಧ್ಯಾಹ್ನ ಮಗಳೇ ಬಂದು ಸುದ್ದಿ ಹೇಳಿದಳು. ಕೋಣೆಯ ಪಕ್ಕದ ಹುಡುಗಿಯರನ್ನು ಕೇಳಿದ್ದಳಂತೆ. ಬೀದಿಯ ತುದಿಯಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಬಾಯಿಯನ್ನೂ ಕೇಳಿದ್ದಳಂತೆ. ಎಲ್ಲರೂ ಒಂದೇ ಖಾನಾವಳಿಯನ್ನು ಹೇಳಿದರು. ಬೋರ್ಡಿಲ್ಲ, ಮೊಬೈಲಿನಲ್ಲಿ ಇಲ್ಲ, ಆದರೆ ಹುಡುಗಿಯರಿಗೆ ಬೇರೆ ಕೋಣೆ ಇದೆ, ರೊಟ್ಟಿ ಕುಳಿತ ಮೇಲೆಯೇ ಬಡಿಯುತ್ತಾರೆ. ಅವಳು ಓಣಿಯ ಗುರುತು ಹೇಳುತ್ತಿದ್ದಂತೆ ಮಾಸ್ತರರ ಮುಖ ಸಣ್ಣದಾಯಿತು.

“ಬ್ಯಾರೆ ಕಡೆ ನೋಡೂಣಲ್ಲ?”

“ಯಾಕ? ಓಣಿ ಓಣಿ ಗೊತ್ತು ಅಂತಿದ್ರಿ!”

ಹೋದರು. ಬೆಂಚುಗಳು ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದಿದ್ದವು. ಬಾಗಿಲ ಪಕ್ಕ ಹಣ ಬಂದದ್ದನ್ನು ಕೂಗಿ ಹೇಳುವ ಸಣ್ಣ ಪೆಟ್ಟಿಗೆ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಅಕ್ಕಾರ ಫೋಟೋ. ಮಾಸ್ತರರು ಅದನ್ನು ನೋಡಿದರು, ತಕ್ಷಣ ಬೇರೆ ಕಡೆ ನೋಡಿದರು. ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ತಿಂಗಳಿಗೆ ಮೂರು ಸಾವಿರ, ಎರಡು ಹೊತ್ತು, ಭಾನುವಾರ ರಾತ್ರಿ ರಜೆ.

ಮಾಸ್ತರರು ನೋಟುಗಳ ಒಂದು ಮಡಿಕೆ ಕೊಟ್ಟು, “ಅಡ್ವಾನ್ಸ್ ಇರಲಿ” ಎಂದು ಎದ್ದೇಬಿಟ್ಟರು. ಸೊಸೆ ಎಣಿಸಿದರು. ಎಣಿಸದೆ ಹಣ ಇಟ್ಟುಕೊಳ್ಳುವವರು ಖಾನಾವಳಿ ನಡೆಸಲಾರರು.

“ಸರ್, ತಪ್ಪಿ ಹೆಚ್ಚ ಕೊಟ್ಟೀರಿ ನೋಡ್ರಿ. ಏಳು ಸಾವಿರ ಐತಿ.” ನಾಲ್ಕು ಸಾವಿರ ಹಿಂದಕ್ಕೆ ಚಾಚಿದರು.

“ಇರಲಿ, ಇಟ್ಕೊಳ್ರಿ.”

“ಎದಕ್ಕರಿ? ಬರಕೊಳ್ಳಾಕ ಬೇಕಲ್ರಿ ನನಗ.”

ಮಗಳು ಒಮ್ಮೆ ಆ ನೋಟುಗಳನ್ನು, ಒಮ್ಮೆ ಅಪ್ಪನನ್ನು ನೋಡಿದಳು. ತಪ್ಪಿಸಿಕೊಳ್ಳಲು ಈ ಸಲ ಪಕ್ಕದ ಓಣಿ ಇರಲಿಲ್ಲ. ಮಾಸ್ತರರು ನಿಂತುಕೊಂಡೇ ಹೇಳಿದರು. ಮನೆಬಿಟ್ಟು ಬಂದ ಮೊದಲ ದಿನದ ಹುಡುಗನ ಧ್ವನಿ ಬಂದಿತ್ತು ಅವರಿಗೆ.

ಸೊಸೆಯ ಕಣ್ಣಲ್ಲಿ ನೀರು ಬರಲಿಲ್ಲ. ಅವರು ಮೇಜಿನ ಮೇಲಿನ ಪುಸ್ತಕ ತೆರೆದರು.

“ಅತ್ತೀಯವರು ಬಾಕಿ ಬರದಿಟ್ಟವರಲ್ರಿ, ಅವರ ಲೆಕ್ಕ ಅವರ ಕೂಡನ ಹೋತು. ಎಷ್ಟ ದಿನದ್ದಂದ್ರಿ?”

“ಮೂವತ್ತೆಂಟು.”

“ನೀವು ಉಂಡದ್ದು ಊಟಾರಿ, ರೊಕ್ಕ ಅಲ್ಲ. ಇವತ್ತಿನ ದರಕ್ಕ ದಿನಕ್ಕ ನೂರು. ಮೂರು ಸಾವಿರದ ಎಂಟುನೂರು ಆತು.” ಬರೆದುಕೊಂಡು ಇನ್ನೂರು ರೂಪಾಯಿ ಹಿಂದಕ್ಕೆ ಕೊಟ್ಟರು. “ಕೈತಿಂಗಳು ಬಂದಾಗ ಹುಡುಗರು ಬಂದು ಬಾಯಿ ಬಿಡೂದಿಲ್ರಿ, ಊಟಾನ ಬಿಡತಾರ. ಅಂಥವರ ಹೆಸರಿಗೆ ಹಾಕಿರತೇನಿ. ಈಗ ಕೂಡ್ರಿ, ರೊಟ್ಟಿ ಬಿಸಿ ಅದಾವ.”

ತಾಟುಗಳು ಬಂದವು. ಎಣಗಾಯಿ, ಮಡಿಕೆಕಾಳು, ಹಿಂಡಿಯ ಮೇಲೆ ಕುಸುಬಿ ಎಣ್ಣೆ. ಮಾಸ್ತರರು ಮೊದಲನೆಯ ರೊಟ್ಟಿಯನ್ನು ಬಹಳ ಹೊತ್ತು ಮುರಿಯುತ್ತ ಕುಳಿತರು. ಮಗಳು ಮೂರನೆಯದಕ್ಕೆ ಕೈ ಚಾಚಿದ್ದಳು. ದಾವಣಗೆರೆಯಿಂದ ತಾಯಿಯ ಫೋನು ಬಂತು. “ಊಟಾ ಎಲ್ಲಿ ಗೊತ್ತಾತೇನು?” ಎಂದು ಆ ಕಡೆಯಿಂದ ಕೇಳಿದ್ದು ಪಕ್ಕದ ಕುರ್ಚಿಯವರಿಗೂ ಕೇಳಿಸುವಂತಿತ್ತು.

“ಆತು ಅಮ್ಮಾ. ಅಪ್ಪಾನ ಹಳೇ ಖಾನಾವಳಿ,” ಎಂದಷ್ಟೇ ಹೇಳಿ ಮಗಳು ಫೋನು ಇಟ್ಟಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಅಂಕಪಟ್ಟಿ ಒಯ್ದ ದಿನ ಯಾವ ಕಡೆಯಿಂದ ಸುತ್ತಿ ಹೋದ್ರಿ?”

“ತೋರಸ್ತೇನಿ,” ಎಂದರು ಮಾಸ್ತರರು. “ಮೊದಲ ಮೊಸರು ಹಾಕಿಸ್ಕೊ.”