ಬರೆದಿಡದ ಕುಸ್ತಿಗಳು

ಅಮೆರಿಕದಲ್ಲಿ ಬೆಳೆಯುತ್ತಿರುವ ನನ್ನ ಅಕ್ಕನ ಮೊಮ್ಮಗ ರಜೆಗೆ ಊರಿಗೆ ಬಂದಿದ್ದಾಗ ಲ್ಯಾಪ್‌ಟಾಪ್ ತೆರೆದು ಒಬ್ಬ ಆಟಗಾರನನ್ನು ತೋರಿಸಿದ. ಅಲ್ಲಿಯ ಫುಟ್‌ಬಾಲಿನ ಕ್ವಾರ್ಟರ್‌ಬ್ಯಾಕ್. ಹುಟ್ಟಿದ ಊರು, ಓದಿದ ಕಾಲೇಜು, ಎತ್ತರ, ತೂಕ, ಯಾವ ವರ್ಷ ಎಷ್ಟು ಎಸೆತ, ಎಷ್ಟು ಗಜ, ಯಾವ ಪಂದ್ಯದಲ್ಲಿ ಭುಜ ಜಾರಿತು, ಯಾವ ವಯಸ್ಸಿಗೆ ಆಟ ಬಿಟ್ಟ ಎಂಬುದೆಲ್ಲ ಸಾಲು ಸಾಲಾಗಿ ಇತ್ತು. "ಇವನ ಆಟ ಎದುರಿಗೆ ನೋಡೀಯೇನಪಾ?" ಎಂದೆ. "ಇಂವ ಇಲ್ಲ ಮುತ್ಯಾ, ಗೇಮ್‌ನ್ಯಾಗ ನಾನೇ ಮಾಡೀನಿ" ಎಂದ. ವಿಡಿಯೊ ಗೇಮಿನಲ್ಲಿ ಮಕ್ಕಳು ತಾವೇ ಒಬ್ಬ ಆಟಗಾರನನ್ನು ಹುಟ್ಟಿಸಿ, ವರ್ಷ ವರ್ಷ ಆಡಿಸಿ, ಮುಪ್ಪು ಬರಿಸಿ, ನಿವೃತ್ತಿ ಕೊಡುತ್ತಾರಂತೆ.

ಆ ಫುಟ್‌ಬಾಲಿನ ಲೆಕ್ಕ ನಮಗೆ ಸ್ವಲ್ಪ ಹೊಸದು. ಒಂದೊಂದು ಕಡೆಗೆ ಹನ್ನೊಂದು ಮಂದಿ, ನೂರು ಗಜದ ಅಂಗಳ. ನಾಲ್ಕು ಸಲದ ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕಿನ ಕೈಗೆ ಬರುತ್ತದೆ. ಎದುರಿನವರು ಮೈಮೇಲೆ ಬೀಳುವ ಮುಂಚೆ, ಎರಡು ಮೂರು ಸೆಕೆಂಡಿನಲ್ಲಿ, ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ಟಾಮ್ ಬ್ರೇಡಿ ಎಂಬ ನಿಜದ ಕ್ವಾರ್ಟರ್‌ಬ್ಯಾಕ್ ಒಬ್ಬನಿದ್ದ; 2000ದಲ್ಲಿ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಅವನ ಸರದಿ ಬಂದದ್ದು 199ನೆಯದಾಗಿ. 23 ಋತು ಆಡಿ, ಸೂಪರ್ ಬೌಲ್ ಎಂಬ ಕೊನೆಯ ದೊಡ್ಡ ಪಂದ್ಯವನ್ನು ಏಳು ಸಲ ಗೆದ್ದು, 45ನೆಯ ವಯಸ್ಸಿನಲ್ಲಿ ಅವನು ನಿವೃತ್ತನಾದ. ಎಸೆದು ಗಳಿಸಿಕೊಟ್ಟ ದೂರ 89,214 ಗಜ. ಒಂದು ಗಜವೂ ಲೆಕ್ಕ ತಪ್ಪಿಲ್ಲ.

ಆ ಹುಡುಗನ ಮೇಲೆ ನನಗೆ ಪ್ರೀತಿಯೇ ಬಂತು. ಇಲ್ಲದ ಒಬ್ಬ ಮನುಷ್ಯನ ಬಾಳನ್ನು ಎಷ್ಟು ಆಸ್ಥೆಯಿಂದ ಬರೆದಿಟ್ಟಿದ್ದ! ಆದರೆ ಅದನ್ನು ನೋಡುತ್ತಿದ್ದಂತೆ ನಮ್ಮ ಕಡೆಯ ಪೈಲ್ವಾನರು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಗರಡಿಮನೆಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವರು ಎಷ್ಟು ಜನ! ಮೈಮುರಿದು ಹಿಡಿದ ಅವರ ಕುಸ್ತಿಗಳ ಒಂದು ಸಾಲೂ ಎಲ್ಲಿಯೂ ಇಲ್ಲ.

ಜಾತ್ರೆಯ ಕುಸ್ತಿ ನೋಡದವರಿಗೆ ಹೇಳುತ್ತೇನೆ. ತೇರು ಎಳೆದ ಮರುದಿನವೋ ಅದರ ಮರುದಿನವೋ, ಮಧ್ಯಾಹ್ನದ ಬಿಸಿಲು ಇಳಿಯತೊಡಗಿದಾಗ, ಊರ ಹೊರಗಿನ ಬಯಲಲ್ಲಿ ಹಲಗಿ ಬಡಿಯುತ್ತದೆ. ಮೊದಲು ಸಣ್ಣ ಹುಡುಗರ ಕಾಯಿ ಕುಸ್ತಿ. ಗೆದ್ದವನಿಗೆ ಒಂದು ತೆಂಗಿನಕಾಯಿ. ಆಮೇಲೆ ರೊಕ್ಕದ ಕುಸ್ತಿ. ಹೊತ್ತು ಮುಳುಗುವ ವೇಳೆಗೆ ಕಡೀ ಕುಸ್ತಿ. ಅದಕ್ಕೆ ಬೆಳ್ಳಿ ಕಡಗ, ತಲೆಗೆ ರುಮಾಲು. ಅಂಕದ ಲೆಕ್ಕ ಇಲ್ಲಿಲ್ಲ, ತೂಕಕ್ಕೆ ತಕ್ಕಡಿಯೂ ಇಲ್ಲ. ಜೋಡಿ ಹಚ್ಚುವವರು ಗರಡಿಯ ಗುರುಗಳಾದ ಹಿರಿಯ ವಸ್ತಾದರು. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಹೆಗಲು, ತೊಡೆ, ಕುತ್ತಿಗೆ ನೋಡಿ, "ಈ ಜೋಡಿ ಸರಿ" ಎಂದರೆ ಮುಗಿಯಿತು. ಆ ಕಣ್ಣಳತೆ ನನಗೆ ಯಾವತ್ತೂ ದೊಡ್ಡ ವಿದ್ಯೆಯಾಗಿಯೇ ಕಂಡಿದೆ. ತಪ್ಪು ಜೋಡಿ ಹಚ್ಚಿದರೆ ಒಬ್ಬ ಹುಡುಗನ ಕೈ ಮುರಿಯುತ್ತದೆ, ಅವನ ಕುಸ್ತಿಯ ಬಾಳು ಅಲ್ಲಿಗೇ ನಿಲ್ಲುತ್ತದೆ.

ಪೈಲ್ವಾನನೊಬ್ಬ ತಯಾರಾಗುವುದಕ್ಕೆ ಮನೆ ಒಂದೇ ಸಾಲದು. ಬೆಳಗಿನ ಜಾವ ಗರಡಿಯಲ್ಲಿ ದಂಡ, ಬಸ್ಕಿ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಹಾಕಿ ಹದ ಮಾಡುತ್ತಾರೆ; ಗಾಯ ಕೀವಾಗಬಾರದು, ಮೈ ತರಚಬಾರದು. ಇಂಡಿಯ ನಿಂಬೆಗೆ ಈಗ ಭೌಗೋಳಿಕ ಗುರುತು ಸಿಕ್ಕಿದೆ, ಸಂತೋಷ. ಅದರ ರಸ ಕುಸ್ತಿಯ ಮಣ್ಣಿಗೂ ಸಲ್ಲುತ್ತ ಬಂದಿದೆ ಎಂಬುದನ್ನೂ ಜೊತೆಗೆ ಹೇಳಬೇಕು. ಹಾಲು, ತುಪ್ಪ, ಬದಾಮಿಯ ಖರ್ಚು ಬಡ ಒಕ್ಕಲಿಗನ ಮನೆಗೆ ನಿಲುಕುವುದಲ್ಲ. ಎಮ್ಮೆ ಇದ್ದವರು ಹಾಲು ಕೊಟ್ಟರು, ಅಂಗಡಿಯವರು ಬದಾಮಿ ಕೊಟ್ಟರು, ಅವನು ಊರಿನ ಪೈಲ್ವಾನನಾದ. ಅವನು ಚಿತ್ ಆದ ದಿನ ಊರೇ ಉಣ್ಣದೆ ಮಲಗಿದ್ದನ್ನು ಹೇಳುವ ಮುದುಕಿಯರಿದ್ದಾರೆ.

ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾವೆಲ್ಲ ಕಾಕಾ ಎಂದು ಕರೆಯುವ ಹಳೆಯ ಪೈಲ್ವಾನರೊಬ್ಬರಿದ್ದಾರೆ. ಎರಡೂ ಕಿವಿ ಮುರಿದು ಮುದುಡಿವೆ. ಮಣ್ಣಿನಲ್ಲಿ ತಲೆ ತಿಕ್ಕಿ ತಿಕ್ಕಿ ಆದ ಆ ಕಿವಿಯನ್ನು ನೋಡಿದರೆ ಸಾಕು, ಬಲ್ಲವರು "ಯಾವ ತಾಲೀಮ್ರಿ ನಿಮ್ಮದು?" ಎಂದು ಕೇಳುತ್ತಾರೆ. ಕಾಕಾ ಹಿಡಿದ ಕುಸ್ತಿಗಳನ್ನು ಇಸವಿ ಹಿಡಿದು ಹೇಳುವುದಿಲ್ಲ. "ಎಪ್ಪತ್ತೆರಡರ ಬರದ ಹಿಂದಿನ ಜಾತ್ರಿ" ಎನ್ನುತ್ತಾರೆ. "ಹಳೇ ಕೊಲ್ಹಾರ ಇನ್ನೂ ಮುಳುಗಿರಲಿಲ್ಲ, ಆವಾಗ" ಎನ್ನುತ್ತಾರೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. ಮುಂದೆ ಕೃಷ್ಣೆಯ ಹಿನ್ನೀರಿಗೆ ಊರುಗಳು ಹೋದವು, ಅವುಗಳ ಜೊತೆಗೆ ಜಾತ್ರೆಯ ಬಯಲುಗಳೂ ಹೋದವು. ಕಾಕಾರ ಲೆಕ್ಕದಲ್ಲಿ ಕಾಲ ಎಂದರೆ ಬರ, ನೀರು, ಜಾತ್ರೆ.

ಆದರೆ ಕುಸ್ತಿಯೊಳಗೆ ಇಳಿದರೆ ಅವರ ನೆನಪು ಬಲು ಚೊಕ್ಕ. ಎದುರಾಳಿ ಯಾವ ಊರಿನವನು, ಅವನ ಬಲಗಾಲು ಮುಂದಿತ್ತೋ ಎಡಗಾಲೋ, ತಾವು ಘಿಸ್ಸಾ ಎಂಬ ಡಾವು (ಪಟ್ಟು) ಹಾಕಿದಾಗ ಅವನು ಹೇಗೆ ತಿರುಗಿ ಪಾರಾದ, ಢಾಕ್ ಎಂಬ ಡಾವು ಕೂತದ್ದು ಯಾವ ಗಳಿಗೆಯಲ್ಲಿ, ಎಲ್ಲವನ್ನೂ ಕೂತಲ್ಲೇ ಕೈ ಮಾಡಿ ತೋರಿಸುತ್ತಾರೆ. ಕ್ವಾರ್ಟರ್‌ಬ್ಯಾಕಿನ ಎರಡು ಮೂರು ಸೆಕೆಂಡಿನ ತೀರ್ಮಾನ ಅನ್ನುತ್ತಾರಲ್ಲ, ಅದು ಇಲ್ಲಿಯೂ ಇದೆ. ಎದುರಿನವನು ಉಸಿರು ಬಿಡುವ ಹೊತ್ತಿಗೆ ಡಾವು ಬಿದ್ದಿರಬೇಕು. ನಾನು ವಹಿ ತೆಗೆದು ಬರೆದುಕೊಳ್ಳತೊಡಗಿದಾಗ ಕಾಕಾ ಒಂದು ಮಾತು ಹೇಳಿದರು: "ಗೆದ್ದದ್ದಷ್ಟ ಬರೀಬ್ಯಾಡ ತಮ್ಮಾ, ಬಿದ್ದದ್ದೂ ಬರಿ. ನನ್ನ ಕೆಡವಿದಾವ್ರೂ ದೊಡ್ಡ ಪೈಲ್ವಾನ್ರ ಇದ್ರು." ಇಂಥ ದೊಡ್ಡ ಮನಸ್ಸು ಕುಸ್ತಿಯ ಮಣ್ಣಿನಲ್ಲಿಯೇ ಬೆಳೆಯುವುದೆಂದು ನಾನು ನಂಬಿದ್ದೇನೆ.

ಮೂವತ್ತು ದಾಟುವುದರೊಳಗೆ ಕಾಕಾರ ಮೊಣಕಾಲು ಹೋಯಿತು. ಆಮೇಲೆ ಎರೆಹೊಲ, ಬಿಳಿಜೋಳ, ಎತ್ತು. ಬೆಳ್ಳಿ ಕಡಗ ಮಗಳ ಮದುವೆಗೆ ಮಾರಿದರು. ಹೆಚ್ಚಿನವರ ಕಥೆ ಹೀಗೇ. ಅಮೆರಿಕದ ಆ ಫುಟ್‌ಬಾಲ್ ಲೀಗಿನಲ್ಲಿ ಮೂರು ಋತು ಆಡಿದವನಿಗೆ ಪಿಂಚಣಿಯ ಹಕ್ಕು ಬರುತ್ತದೆ. ನಮ್ಮ ರಾಜ್ಯ ಸರ್ಕಾರವೂ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ, ಇದು ಒಳ್ಳೆಯ ಕೆಲಸ. ಆದರೆ ಅದಕ್ಕೆ ಹಿಡಿದ ಕುಸ್ತಿಯ ಪ್ರಮಾಣಪತ್ರ ಬೇಕು. ಜಾತ್ರೆಯ ಬಯಲಿನಲ್ಲಿ ಪ್ರಮಾಣಪತ್ರ ಬರೆದುಕೊಟ್ಟವರು ಯಾರು?

ಕುಸ್ತಿಯ ಬಗ್ಗೆ ಬರೆದರೂ ಪೈಲ್ವಾನನ ಹೆಸರು ಬರೆಯದಿರುವುದು ಇವತ್ತಿನದಷ್ಟೇ ರೂಢಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಹೇಗೆ ವಿಂಗಡಿಸಬೇಕು, ಅವರ ಸಾಧನೆ ಹೇಗಿರಬೇಕು, ಅರಮನೆಯಿಂದ ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಹೇಗೆ ಒದಗಬೇಕು ಎಂದೆಲ್ಲ ಅಲ್ಲಿ ಹೇಳಿದೆ. ಆಗ ನಮ್ಮ ಈ ಭಾಗ ತರ್ದವಾಡಿ ನಾಡು. ಆ ತರ್ದವಾಡಿ ಇವತ್ತಿಗೂ ತದ್ದೇವಾಡಿಯಾಗಿ ಭೀಮೆಯ ದಡದಲ್ಲಿದೆ. ನಾಲ್ಕು ಶತಮಾನದ ನಂತರ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪೇಸ್, ಕೃಷ್ಣದೇವರಾಯ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆ ತಿಕ್ಕಿಸಿಕೊಂಡು, ಕಸರತ್ತು ಮಾಡಿ, ಒಬ್ಬ ಜಟ್ಟಿಯೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದ. ರಾಯನ ಹೆಸರು ಉಳಿಯಿತು. ರಾಯನ ಹೆಗಲಿಗೆ ಹೆಗಲು ಕೊಟ್ಟ ಆ ಜಟ್ಟಿ ಯಾರು, ಪೇಸ್ ಹೇಳಲಿಲ್ಲ.

ಹೆಸರು ಉಳಿದವರೂ ಇದ್ದಾರೆ. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು. ಅವರು ಬೆಳಗಿದ್ದು ಕೊಲ್ಲಾಪುರದಲ್ಲಿ. ಶಾಹೂ ಮಹಾರಾಜರು ಅಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿ ಕುಸ್ತಿಗೆ ರಾಜಾಶ್ರಯ ಕೊಟ್ಟಿದ್ದರು. ಗಡಿಯ ಈಚೆಗಿನ ಹುಡುಗರೂ ಆ ಊರನ್ನು ಕಾಶಿಯೆಂದೇ ತಿಳಿದು ಹೋಗುತ್ತಿದ್ದರು. ಆದರೆ ಕೊಲ್ಲಾಪುರಕ್ಕೆ ಹೋಗಲಾರದೆ ಊರ ಗರಡಿಯಲ್ಲಿಯೇ ಉಳಿದ ಪೈಲ್ವಾನನ ಬಾಳೂ ಬಾಳೇ.

ಬರೆದಿಡುವ ಕೆಲಸ ನಮ್ಮವರಿಗೆ ಬಾರದ್ದೇನಲ್ಲ. ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. ಅವರ ಕೈಯಲ್ಲಿ ಯಂತ್ರವಿರಲಿಲ್ಲ, ಬೆನ್ನಿಗೆ ಅನುದಾನವಿರಲಿಲ್ಲ. ಕೇಳಿದರು, ಬರೆದರು. ಇವತ್ತು ಪ್ರತಿ ಕಿಸೆಯಲ್ಲಿಯೂ ದನಿ ಹಿಡಿಯುವ, ಚಿತ್ರ ಹಿಡಿಯುವ ಮೊಬೈಲ್ ಇದೆ. ಕುಸ್ತಿ ಈಗ ಮಣ್ಣಿನಿಂದ ಮ್ಯಾಟಿಗೆ ಹೋಗಿದೆ, ಮೂರು ಮೂರು ನಿಮಿಷದ ಎರಡು ಸುತ್ತು, ಅಂಕದ ಲೆಕ್ಕ, ಹುಡುಗಿಯರೂ ಕಣಕ್ಕಿಳಿಯುತ್ತಿದ್ದಾರೆ. ಈಗಿನವರ ಲೆಕ್ಕ ಮುಂದೆ ಸಿಗುತ್ತದೆ. ಹಳಬರದ್ದು ಸಿಗುವುದಿಲ್ಲ.

ಆದ್ದರಿಂದ ಈ ನಾಲ್ಕು ಸೀಮೆಯ ಮಾಸ್ತರರಲ್ಲಿ, ಕಾಲೇಜಿನ ಹುಡುಗ ಹುಡುಗಿಯರಲ್ಲಿ, ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು: ನಿಮ್ಮೂರಿನ ಹಳೆಯ ಪೈಲ್ವಾನರ ಹತ್ತಿರ ಹೋಗಿ ಕೂಡಿರಿ. ಹೆಸರು, ವಸ್ತಾದರ ಹೆಸರು, ಮೊದಲು ಕಾಯಿ ಗೆದ್ದ ಜಾತ್ರೆ, ಯಾರ ಜೋಡಿ ಹಿಡಿದರು, ಯಾರಿಗೆ ಬಿದ್ದರು, ಆಟ ಯಾಕೆ ನಿಂತಿತು, ಆಮೇಲೆ ಹೇಗೆ ಬದುಕಿದರು ಎಂದು ಕೇಳಿ ಬರೆದುಕೊಳ್ಳಿರಿ. ಟ್ರಂಕಿನ ತಳದಲ್ಲಿ ಜೋಡಿಗಳ ಹೆಸರು ಅಚ್ಚಾದ ಹಳೆಯ ಹಸ್ತಪತ್ರಿಕೆ ಇದ್ದರೆ ಅದರ ಫೋಟೊ ತೆಗೆಯಿರಿ. ಒಂದು ಪ್ರತಿ ಮನೆಯವರಿಗೆ ಕೊಡಿರಿ, ಇನ್ನೊಂದನ್ನು ಊರಿನ ಗ್ರಂಥಾಲಯದಲ್ಲಿ ಇಡಿರಿ. ಬರುವ ಜಾತ್ರೆಯವರೆಗೆ ತಡೆಯಬೇಡಿರಿ. ಆ ಕಾಲದವರಲ್ಲಿ ಉಳಿದವರು ಕೆಲವೇ ಜನ.